ಕೋಲಾರದವರಿಗೆ ಕನ್ನಡ ಹೇಗೆ ಬರುತ್ತೆ?

"ಕೋಲಾರದ ಕಡೆಯವರಾ? ಹಾಗಾದ್ರೆ ಮನೇಲಿ ತೆಲುಗಲ್ವಾ? ಕನ್ನಡ ಇಷ್ಟು ಚೆನ್ನಾಗಿ ಹೇಗೆ ಬರುತ್ತೆ?"

ಊರಿನ ಹೆಸರು ಹೇಳಿದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಪಾಪ, ಕೇಳುವವರು ಹೊಗಳುತ್ತಿದ್ದೇವೆ ಅಂದುಕೊಂಡೇ ಕೇಳುತ್ತಾರೆ.

ಹೌದು, ನಮ್ಮ ಮನೆಯಲ್ಲಿ ತೆಲುಗು. ಅದರಲ್ಲೇನೂ ಮುಚ್ಚುಮರೆ ಇಲ್ಲ. ಬೆಳಗ್ಗೆ ಕೋಲಾರದ ಟೊಮೆಟೊ ಮಂಡಿಗೆ ಬಂದು ನೋಡಿ. ಹರಾಜು ಕೂಗುವವನು ತೆಲುಗಿನಲ್ಲಿ ಶುರು ಮಾಡುತ್ತಾನೆ, ತಮಿಳುನಾಡಿನ ವ್ಯಾಪಾರಿ ಕಂಡರೆ ತಮಿಳಿಗೆ ಹೊರಳುತ್ತಾನೆ. ಬಾಕ್ಸಿಗೆ ಇಷ್ಟು ಅಂತ ರೇಟು ನಿಂತ ಮೇಲೆ ರೈತನ ಕೈಗೆ ಸಿಗುವ ಚೀಟಿ ಕನ್ನಡದ್ದು. ಅಲ್ಲಿ ಯಾರಿಗೂ ಇದು ವಿಚಿತ್ರ ಅನ್ನಿಸುವುದಿಲ್ಲ.

ಮನೆಮಾತು ಬೇರೆಯಾದರೆ ಕನ್ನಡ ದೂರ ಅನ್ನುವವರಿಗೆ ನಾನು ಮೊದಲು ಹೇಳುವ ಹೆಸರು ಮಾಸ್ತಿ ವೆಂಕಟೇಶ ಅಯ್ಯಂಗಾರ್. ಹುಟ್ಟಿದ್ದು 1891ರಲ್ಲಿ, ಮಾಲೂರು ತಾಲ್ಲೂಕಿನ ಹೊಸಹಳ್ಳಿಯಲ್ಲಿ. ಮನೆಮಾತು ತಮಿಳು. ಮದ್ರಾಸಿನಲ್ಲಿ ಮಾಡಿದ್ದು ಇಂಗ್ಲಿಷ್ ಎಂ.ಎ. ಕಟ್ಟಿ ಬೆಳೆಸಿದ್ದು ಕನ್ನಡದ ಸಣ್ಣಕಥೆಯನ್ನು. ಅವರು ಮೊದಮೊದಲು ಬರೆದ ರಂಗನ ಮದುವೆಯ ಕಥೆ ಶುರುವಾಗುವುದೇ ಹೊಸಹಳ್ಳಿಯ ಜಂಬದಿಂದ. ದೊರೆಗಳು ಬರೆದ ಭೂಗೋಳದಲ್ಲಿ ನಮ್ಮೂರಿನ ಹೆಸರೇ ಇಲ್ಲವಲ್ಲ ಅಂತ ಕಥೆ ಹೇಳುವವನಿಗೆ ಸಂಕಟ. ಹಬ್ಬದೂಟಕ್ಕೆ ಕರಿಗಡುಬು ಹೇಗೋ ಮೈಸೂರು ಸೀಮೆಗೆ ಹೊಸಹಳ್ಳಿ ಹಾಗಂತೆ. ಅಲ್ಲಿನ ಮಾವಿನಕಾಯಿ ಕಚ್ಚಿದರೆ ಹುಳಿ ನೇರ ಬ್ರಹ್ಮರಂಧ್ರಕ್ಕೆ ಏರುತ್ತದಂತೆ! ಮಾಲೂರು ಕಡೆಯ ಯಾವುದೇ ಅಜ್ಜ ಜಗಲಿ ಮೇಲೆ ಕೂತು ಬಿಡುವ ಬಡಾಯಿ ಇದು. ಇಂಥ ಕನ್ನಡ ಪುಸ್ತಕ ಓದಿ ಬರುವುದಲ್ಲ. 1983ರ ಜ್ಞಾನಪೀಠ ಬಂದಾಗ ಅವರಿಗೆ ತೊಂಬತ್ತು ದಾಟಿತ್ತು.

ಹಳೇ ಕೋಲಾರ ಜಿಲ್ಲೆಯ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರದ್ದೂ ತೆಲುಗು ಮನೆ. ಹೆಸರಿನ ಮುಂದಿರುವ ಮೋಕ್ಷಗುಂಡಂ ಆಂಧ್ರದ ಊರು. ಅಣೆಕಟ್ಟಿನ ವಿಷಯ ಎಲ್ಲರಿಗೂ ಗೊತ್ತು, ಬಿಡಿ. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದಾಗ ಮೈಸೂರಿನ ದಿವಾನರಾಗಿದ್ದವರು ಅವರೇ ಅನ್ನುವುದನ್ನು ಮಾತ್ರ ಜನ ಮರೆಯುತ್ತಾರೆ.

ಇನ್ನು ಮುಳಬಾಗಿಲು. ಅಲ್ಲಿಂದ ಸ್ವಲ್ಪ ಮುಂದೆ ಹೋದರೆ ಆಂಧ್ರವೇ. ಅಂಥ ಗಡಿಯಲ್ಲಿ ಕೂತು ಶ್ರೀಪಾದರಾಜರು ಹದಿನೈದನೇ ಶತಮಾನದಲ್ಲೇ ರಂಗವಿಠಲನ ಅಂಕಿತದಲ್ಲಿ ಕನ್ನಡ ದೇವರನಾಮ ಕಟ್ಟಿದರು. ಪುರಂದರದಾಸರಿಗಿಂತ ಮುಂಚೆ! ಅದೇ ಊರಲ್ಲಿ 1887ರಲ್ಲಿ ಡಿ.ವಿ. ಗುಂಡಪ್ಪ ಹುಟ್ಟಿದರು. ಮೆಟ್ರಿಕ್ ಪಾಸಾಗಲಿಲ್ಲ. ಕಗ್ಗ ಬರೆದರು.

ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರು ಬಳೆ ಮಾರಿ ಬದುಕಿದವರು. ಅವರ ಹಾಡುಗಳು ತೆಲುಗಿನಲ್ಲೂ ಇವೆ, ಕನ್ನಡದಲ್ಲೂ ಇವೆ. ಎಂಥ ಮನೆ ಬಾಗಿಲಿಗೂ ಹೋಗುವ ಬಳೆಗಾರನಿಗೆ ಒಂದೇ ಭಾಷೆ ಸಾಕಾಗುತ್ತಾ ಹೇಳಿ?

ಗೌರಿಬಿದನೂರು ಕಡೆ ಹೊಸೂರಿನ ಎಚ್. ನರಸಿಂಹಯ್ಯನವರು ಓದುವ ಆಸೆಗೆ ನಡೆದುಕೊಂಡೇ ಬೆಂಗಳೂರು ಸೇರಿದ ಹುಡುಗ. 1936ರಲ್ಲಿ ಈ ಹುಡುಗನ ಶಾಲೆಗೆ ಗಾಂಧೀಜಿ ಬಂದು ಹಿಂದಿಯಲ್ಲಿ ಮಾತಾಡಿದಾಗ, ಅದನ್ನು ಕನ್ನಡಕ್ಕೆ ಹೇಳಿದ್ದು ಇವನೇ. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಆದರೂ ಇದ್ದದ್ದು ಹಾಸ್ಟೆಲ್ ರೂಮಿನಲ್ಲಿ. (ಮಾಸ್ತಿ, ಡಿವಿಜಿ, ಎಚ್ಚೆನ್ ಮೂವರೂ ಕೊನೆಗೆ ಬಸವನಗುಡಿ ಸುತ್ತಮುತ್ತಲೇ ನೆಲೆ ನಿಂತರು. ಹಾಗಾಗಿ ಬೆಂಗಳೂರಿನವರು ಅವರನ್ನು ತಮ್ಮವರೇ ಅಂದುಕೊಂಡುಬಿಟ್ಟಿದ್ದಾರೆ. ಇದರ ಬಗ್ಗೆ ನನಗೆ ಸ್ವಲ್ಪ ಹೊಟ್ಟೆಯುರಿ ಇದೆ.)

ಇಷ್ಟು ಹೇಳಿದ ಮೇಲೂ ಕೆಲವರು ಬಿಡುವುದಿಲ್ಲ. "ಅದೆಲ್ಲ ಹಳೇ ಕಾಲ, ಈಚಿನವರು ಯಾರಿದ್ದಾರೆ?" ಅನ್ನುತ್ತಾರೆ. ಆಗ ನಟಿ ಸೌಂದರ್ಯ ಹೆಸರು ತೆಗೆಯುತ್ತೇನೆ. ಆಂಧ್ರದವರನ್ನು ಕೇಳಿದರೆ ಆಕೆ ನಮ್ಮ ಹುಡುಗಿ ಅಂತಾರೆ, ಅಷ್ಟು ತೆಲುಗು ಸಿನಿಮಾ ಮಾಡಿದ್ದರು. ಆದರೆ ನಿರ್ಮಾಪಕಿಯಾಗಿ ಅವರು ದುಡ್ಡು ಹಾಕಿದ್ದು ಕನ್ನಡದ 'ದ್ವೀಪ'ಕ್ಕೆ. ಗಿರೀಶ್ ಕಾಸರವಳ್ಳಿಯವರ ಆ ಸಿನಿಮಾಕ್ಕೆ ದೇಶದ ಅತ್ಯುತ್ತಮ ಚಿತ್ರ ಅನ್ನೋ ರಾಷ್ಟ್ರ ಪ್ರಶಸ್ತಿ ಬಂತು.

"ಅಯ್ಯೋ, ಸೌಂದರ್ಯ ನಿಮ್ಮ ಕಡೆಯವರಾ?" ಅಂತಾರೆ.

ಹೌದು ಸ್ವಾಮಿ, ಮುಳಬಾಗಿಲು ಕಡೆಯವರು.