ಬೆನ್ನುಮೂಳೆ ಆಪರೇಷನ್ ಆದ ಎರಡನೇ ದಿನ ನೋವು ಜಾಸ್ತಿಯಾದರೆ

ಆಪರೇಷನ್ ಆದ ಸಂಜೆ ಆರಾಮಾಗಿ ಮಾತಾಡುತ್ತಿದ್ದವರು ಮರುದಿನ ಮಗ್ಗುಲು ಬದಲಿಸಲೂ ಹೆದರುತ್ತಾರೆ. ಏನೋ ಎಡವಟ್ಟಾಗಿದೆ ಎಂದು ಮನೆಯವರಿಗೆ ಗಾಬರಿ. ಬಹುಪಾಲು ಹಾಗೇನೂ ಆಗಿರುವುದಿಲ್ಲ. ಗಾಯದ ಸುತ್ತ ಕೊಟ್ಟಿದ್ದ ಮರಗಟ್ಟಿಸುವ ಇಂಜೆಕ್ಷನ್ ಕೆಲವೇ ಗಂಟೆಗಳಲ್ಲಿ ಇಳಿದಿರುತ್ತದೆ. ಮೂಳೆ ಕಾಣಲೆಂದು ಬದಿಗೆ ಸರಿಸಿ ಹಿಡಿದಿದ್ದ ಸ್ನಾಯುಗಳು ಊದಿಕೊಂಡು ಸೆಳೆಯತೊಡಗುತ್ತವೆ.

ಗಂಟಲು ಕೆರೆತ ಅರಿವಳಿಕೆ ವೇಳೆ ಹಾಕಿದ ಉಸಿರಿನ ಕೊಳವೆಯಿಂದ. ಸಾಮಾನ್ಯವಾಗಿ 2-3 ದಿನದಲ್ಲಿ ಹೋಗುತ್ತದೆ. ಮುಖ ಬಾತಿದ್ದರೆ, ಎದೆ, ಭುಜ ನೋಯುತ್ತಿದ್ದರೆ ಗಂಟೆಗಟ್ಟಲೆ ಬೋರಲು ಮಲಗಿಸಿದ್ದೇ ಕಾರಣವಿರಬಹುದು. ಆದರೂ ಎದೆನೋವನ್ನು ನರ್ಸ್‌ಗೆ ಹೇಳದೆ ಬಿಡಬೇಡಿ.

ಮಾತ್ರೆಯನ್ನು ನೋವು ತಾರಕಕ್ಕೇರಿದ ಮೇಲೆ ನುಂಗಿದರೆ ಹಿಡಿತಕ್ಕೆ ಬರುವುದು ಕಷ್ಟ. ಮೊದಲ ಕೆಲವು ದಿನ ಬರೆದುಕೊಟ್ಟ ಹೊತ್ತಿಗೇ ತೆಗೆದುಕೊಳ್ಳಿ. ಪ್ಯಾರಾಸಿಟಮಾಲ್ ವಯಸ್ಕರಿಗೆ 24 ಗಂಟೆಯಲ್ಲಿ 4 ಗ್ರಾಂ ದಾಟಬಾರದು; ತೂಕ 50 ಕೆಜಿಗಿಂತ ಕಡಿಮೆಯಿದ್ದರೆ, ಲಿವರ್ ತೊಂದರೆಯಿದ್ದರೆ ಇನ್ನೂ ಕಡಿಮೆ. ಟ್ರಮಡಾಲ್ ಎಂಬ ಬಲವಾದ ನೋವಿನ ಔಷಧಿಯ ಜೊತೆ ಬೆರೆಸಿದ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಲೆಕ್ಕ ತಪ್ಪುವುದು ಇಲ್ಲೇ. ಸ್ಕ್ರೂ, ರಾಡ್ ಹಾಕಿ ಮೂಳೆ ಬೆಸೆದಿದ್ದರೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಅನ್ನು ಸರ್ಜನ್ ಕೇಳದೆ ಮುಟ್ಟಬೇಡಿ. ಬೆಸುಗೆ ನಿಧಾನವಾದೀತು ಎಂಬ ಆತಂಕವಿದೆ. ಟ್ರಮಡಾಲ್, ಮಾರ್ಫಿನ್‌ನಂಥವು ಮಲಬದ್ಧತೆ ತರುತ್ತವೆ. ತಿಣುಕಿದರೆ ಬೆನ್ನು ಇನ್ನಷ್ಟು ಸೆಳೆಯುತ್ತದೆ, ಹಾಗಾಗಿ ಮಲ ಸಡಿಲಿಸುವ ಔಷಧಿಯನ್ನು ಮೊದಲ ದಿನದಿಂದಲೇ ಕೇಳಿ ಪಡೆಯಿರಿ.

ಎಷ್ಟೋ ನೋವು ಏಳುವ ರೀತಿಯಿಂದಲೇ ಬರುತ್ತದೆ. ಅಂಗಾತ ಮಲಗಿದ್ದಲ್ಲಿಂದ ನೇರ ಏಳಬೇಡಿ. ಎರಡೂ ಮೊಣಕಾಲು ಮಡಚಿ, ಭುಜ ಸೊಂಟ ಒಟ್ಟಿಗೆ ತಿರುಗುವಂತೆ ಇಡೀ ಮೈಯನ್ನು ಮಗ್ಗುಲಿಗೆ ಹೊರಳಿಸಿ. ಮಂಚದ ಅಂಚಿಗೆ ಬಂದು ಕಾಲು ಕೆಳಗಿಳಿಸುತ್ತಲೇ ಕೆಳಗಿನ ಮೊಣಕೈ, ಮೇಲಿನ ಅಂಗೈ ಊರಿ ಮೇಲೇಳಿ. ಉಸಿರು ಕಟ್ಟಬೇಡಿ. ಕೂತು ಒಂದೆರಡು ನಿಮಿಷ ತಡೆದು ನಿಲ್ಲಿ, ತಲೆ ಸುತ್ತುವುದುಂಟು.

ಕಾಲಿನ ಉರಿ, ಜೋಮು ಕೆಲದಿನ ಮರುಕಳಿಸಬಹುದು. ನರದ ಮೇಲಿನ ಒತ್ತಡ ಕಳೆದರೂ ಅದರ ಊತ ಇಳಿಯಲು ಸಮಯ ಬೇಕು. ಜೋಮು ಪೂರ್ತಿ ಹೋಗಲು ತಿಂಗಳುಗಳೇ ಹಿಡಿಯಬಹುದು.

ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ: ಮೂತ್ರ ಕಟ್ಟುವುದು ಅಥವಾ ಅರಿವಿಲ್ಲದೆ ಹೋಗುವುದು, ಗುದದ್ವಾರದ ಸುತ್ತ ಸ್ಪರ್ಶ ಗೊತ್ತಾಗದಿರುವುದು, ಕಾಲಿನ ಬಲ ಕುಗ್ಗುವುದು, ಗಾಯದಿಂದ ನೀರಿನಂತೆ ತಿಳಿಯಾಗಿ ಒಸರುವುದು, ಎದ್ದು ಕೂತರೆ ಹೆಚ್ಚಾಗಿ ಮಲಗಿದರೆ ಇಳಿಯುವ ತಲೆನೋವು, ಜ್ವರ, ಒಂದೇ ಮೀನಖಂಡ ಊದಿಕೊಳ್ಳುವುದು, ಏದುಸಿರು.