ಎಲ್ಲವನ್ನೂ ಎಂಟರಿಂದ ಭಾಗಿಸಿದರೆ ವಿಮಾನ ಹಾರುವುದಿಲ್ಲವೇ?

ಅಸಲಿಯ ಎಂಟರಲ್ಲೊಂದು ಅಳತೆಯ, ರಿಮೋಟ್‌ನಿಂದ ಹಾರಿಸುವ ನನ್ನ ಕೆಂಪು ಕಾಮೆಟ್ ವಿಮಾನದ ಮಾಡೆಲ್ ನೋಡಿದವರಲ್ಲಿ ಬಹುಪಾಲು ಜನ ಕೇಳುವುದು ಇದನ್ನೇ: “ಅಸಲಿ ವಿಮಾನದ ನಕ್ಷೆ ಸಿಗುತ್ತದಲ್ಲ. ಪ್ರತಿ ಅಳತೆಯನ್ನೂ ಎಂಟರಿಂದ ಭಾಗಿಸಿ, ಎರಡು ಮೋಟಾರು, ಒಂದು ಬ್ಯಾಟರಿ ಕೂರಿಸಿದರೆ ತಾನಾಗಿಯೇ ಹಾರಬೇಕಲ್ಲವೇ? ಅದಕ್ಕೆ ಇಷ್ಟು ಲೆಕ್ಕಾಚಾರ ಯಾಕೆ?”

ಯಾಕೆಂದರೆ ಮರವನ್ನು ಎಂಟರಿಂದ ಭಾಗಿಸಬಹುದು, ಗಾಳಿಯನ್ನು ಭಾಗಿಸಲು ಬರುವುದಿಲ್ಲ.

ಮೊದಲು ಅಸಲಿಯ ವಿಷಯ. ಡಿ ಹ್ಯಾವಿಲೆಂಡ್ ಡಿಎಚ್ 88 ಕಾಮೆಟ್ ಹುಟ್ಟಿದ್ದೇ ಒಂದು ಸ್ಪರ್ಧೆಗಾಗಿ. 1934ರ ಅಕ್ಟೋಬರ್ 20ರಂದು ಇಂಗ್ಲೆಂಡಿನ ಮಿಲ್ಡನ್‌ಹಾಲ್‌ನಿಂದ ಹೊರಟು ಆಸ್ಟ್ರೇಲಿಯಾದ ಮೆಲ್ಬರ್ನ್ ಮುಟ್ಟುವ ಮ್ಯಾಕ್‌ರಾಬರ್ಟ್‌ಸನ್ ರೇಸ್ ಅದು. ದಾರಿಯ ಕಡ್ಡಾಯ ನಿಲ್ದಾಣಗಳಲ್ಲಿ ನಮ್ಮ ಅಲಹಾಬಾದೂ ಒಂದು. ಮೂರು ಕಾಮೆಟ್‌ಗಳು ಹೊರಟಿದ್ದವು. ಮಾಲಿಸನ್ ದಂಪತಿಯ ಕಪ್ಪು ಕಾಮೆಟ್ ಅಲಹಾಬಾದಿನಲ್ಲೇ ಇಂಜಿನ್ ಕೆಟ್ಟು ಸ್ಪರ್ಧೆಯಿಂದ ಹೊರಬಿತ್ತು. ಸ್ಕಾಟ್ ಮತ್ತು ಕ್ಯಾಂಪ್‌ಬೆಲ್ ಬ್ಲ್ಯಾಕ್ ಹಾರಿಸಿದ ಕೆಂಪು ಕಾಮೆಟ್ ‘ಗ್ರೋವ್ನರ್ ಹೌಸ್’ 71 ಗಂಟೆಯೊಳಗೆ ಮೆಲ್ಬರ್ನ್ ತಲುಪಿ ಗೆದ್ದಿತು. ಅದೇ ವಿಮಾನ ಇವತ್ತಿಗೂ ಇಂಗ್ಲೆಂಡಿನ ಶಟಲ್‌ವರ್ತ್ ಸಂಗ್ರಹದಲ್ಲಿದೆ. ಮರದ ಒಡಲು, ಚೂಪಾಗುತ್ತಾ ಹೋಗುವ ತೆಳು ರೆಕ್ಕೆ, ರೆಕ್ಕೆಗೆ ಅಂಟಿದ ಎರಡು ಸಪೂರ ಇಂಜಿನ್ ಗೂಡು. ಇಷ್ಟು ಚೆಲುವಾದ ರೇಸಿಂಗ್ ವಿಮಾನ ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ಈಗ ಭಾಗಾಕಾರ. ಅಸಲಿಯ ರೆಕ್ಕೆ ತುದಿಯಿಂದ ತುದಿಗೆ 13.4 ಮೀಟರ್. ಎಂಟರಿಂದ ಭಾಗಿಸಿದರೆ 1.68 ಮೀಟರ್, ಕಾರಿನ ಹಿಂದಿನ ಸೀಟಿನಲ್ಲಿ ಹೇಗೋ ಹಿಡಿಸುತ್ತದೆ. ಉದ್ದ ಎಂಟರಲ್ಲೊಂದಾದಾಗ ರೆಕ್ಕೆಯ ವಿಸ್ತೀರ್ಣ 64ರಲ್ಲೊಂದಾಗುತ್ತದೆ, ಗಾತ್ರ, ಅದರ ಜೊತೆ ತೂಕವೂ, 512ರಲ್ಲೊಂದು. ಪೂರ್ತಿ ಪೆಟ್ರೋಲ್ ತುಂಬಿದ ಅಸಲಿಯ ತೂಕ ಸುಮಾರು 2,500 ಕೆ.ಜಿ. ಅದನ್ನು 512ರಿಂದ ಭಾಗಿಸಿದರೆ ಹತ್ತಿರ ಹತ್ತಿರ 5 ಕೆ.ಜಿ. ಅಷ್ಟು ಭಾರವನ್ನು ಹೊರಬೇಕಾದ ರೆಕ್ಕೆಯ ವಿಸ್ತೀರ್ಣ ಬರೀ 0.31 ಚದರ ಮೀಟರ್. ಹಾಗೆ ಕಟ್ಟಿದ ಮಾಡೆಲ್ ಗಂಟೆಗೆ ಸುಮಾರು 60 ಕಿ.ಮೀ.ಗಿಂತ ನಿಧಾನವಾದರೆ ಗಾಳಿಯಲ್ಲಿ ನಿಲ್ಲುವುದಿಲ್ಲ. ತೂಕವನ್ನು 2.2 ಕೆ.ಜಿ.ಗೆ ಇಳಿಸಿದರೆ ಅದೇ ಮಿತಿ 40ರ ಹತ್ತಿರ ಬರುತ್ತದೆ, ನೆಲ ಮುಟ್ಟುವಾಗಿನ ಹೊಡೆತ ಐದರಲ್ಲೊಂದು ಪಾಲಾಗುತ್ತದೆ. ಆದ್ದರಿಂದಲೇ ನಾವು ಗ್ರಾಂ ಲೆಕ್ಕದಲ್ಲಿ ಮರ ತೂಗುತ್ತೇವೆ. ಬಾಲಕ್ಕೆ ಬಾಲ್ಸಾ ಎಂಬ ಅತಿ ಹಗುರ ಮರ, ರೆಕ್ಕೆಯ ಬೆನ್ನೆಲುಬಿಗೆ ಮಾತ್ರ ಅದಕ್ಕಿಂತ ಗಟ್ಟಿಯಾದ ಸ್ಪ್ರೂಸ್ ಮರ. ಅಸಲಿಯಲ್ಲಿ ಸ್ಪ್ರೂಸ್ ಪಟ್ಟಿಗಳನ್ನು ಓರೆಯಾಗಿ ಹೊದಿಸಿ ರೆಕ್ಕೆಯ ಚರ್ಮವೇ ಭಾರ ಹೊರುವಂತೆ ಮಾಡಿದ್ದರು, ನಮ್ಮದರಲ್ಲಿ 1.5 ಮಿ.ಮೀ. ಬಾಲ್ಸಾ ಹೊದಿಕೆ ಅದೇ ಕೆಲಸ ಮಾಡುತ್ತದೆ.

ತೂಕಕ್ಕಿಂತ ಕಷ್ಟದ್ದು ರೆಕ್ಕೆಯ ತುದಿ. ಗಾಳಿಯ ಅಂಟುಗುಣ ಮಾಡೆಲ್‌ಗೂ ಅಸಲಿಗೂ ಒಂದೇ. ಆದರೆ ಸಣ್ಣ ರೆಕ್ಕೆಗೆ, ಕಡಿಮೆ ವೇಗದಲ್ಲಿ, ಅದರ ಕಾಟ ಬಹಳ ಹೆಚ್ಚು. ರೆನಾಲ್ಡ್ಸ್ ಸಂಖ್ಯೆ ಅಳೆಯುವುದು ಇದನ್ನೇ, ಅದು ಸಣ್ಣದಾದಷ್ಟೂ ಕಾಟ ಹೆಚ್ಚು: ಪೂರ್ತಿ ವೇಗದ ಅಸಲಿಯಲ್ಲಿ ಅದು ಒಂದು ಕೋಟಿಯ ಆಸುಪಾಸು, ಇಳಿಯುತ್ತಿರುವ ಮಾಡೆಲ್‌ನ ರೆಕ್ಕೆತುದಿಯಲ್ಲಿ ಒಂದು ಲಕ್ಷಕ್ಕೂ ಕೆಳಗೆ. ಅಲ್ಲಿ ಗಾಳಿ ಬೇಗ ರೆಕ್ಕೆಯ ಕೈಬಿಡುತ್ತದೆ. ಚೂಪು ತುದಿ ಮೊದಲು ಸೋಲುತ್ತದೆ, ಒಂದು ರೆಕ್ಕೆ ಕುಸಿದು ವಿಮಾನ ಗಿರ್ರನೆ ಮಗುಚುತ್ತದೆ. ಇದಕ್ಕೆ ಟಿಪ್ ಸ್ಟಾಲ್ ಎನ್ನುತ್ತಾರೆ. ಅಸಲಿ ಕಾಮೆಟ್‌ಗೇ ಈ ಚಾಳಿಯಿತ್ತು, ಪೈಲಟ್‌ಗಳು ಅದನ್ನು ಹುಷಾರಾಗಿ ಇಳಿಸುತ್ತಿದ್ದರು. ಹಾಗಾಗಿ ರೆಕ್ಕೆ ಕಟ್ಟುವಾಗಲೇ ತುದಿಯನ್ನು, ಅದರ ಮುಂದಂಚು ಕೆಳಗಾಗುವಂತೆ, ಎರಡು ಮೂರು ಡಿಗ್ರಿ ತಿರುಚಬೇಕು. ಇದು ವಾಷೌಟ್. ತುದಿಯ ಅಡ್ಡಕೊಯ್ತವನ್ನೂ ತುಸು ದಪ್ಪ ಮಾಡುತ್ತೇನೆ. ಮೇಲಿನಿಂದ ಕಾಣುವ ಆಕಾರ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಸ್ಕೇಲ್ ಮಾಡೆಲ್‌ಗೆ ನಿಷ್ಠನಾಗಿರುವುದೆಂದರೆ ನನಗೆ ಇದೇ: ಕಣ್ಣಿಗೆ ಕಾಣುವುದನ್ನು ಮುಟ್ಟಬಾರದು, ಗಾಳಿಗೆ ಮಾತ್ರ ಕಾಣುವುದನ್ನು ಧೈರ್ಯವಾಗಿ ಬದಲಿಸಬೇಕು.

ವಿದ್ಯುತ್ ಮೋಟಾರು ಈ ವಿಮಾನಕ್ಕೆ ಹೇಳಿ ಮಾಡಿಸಿದಂತಿದೆ. ಎಣ್ಣೆಯ ಇಂಜಿನ್ ಎರಡಿದ್ದರೆ ಒಂದು ಮೊದಲು ನಿಂತುಹೋಗುವ ಭಯ ಸದಾ ಇರುತ್ತದೆ, ಆಗ ವಿಮಾನ ಸತ್ತ ಇಂಜಿನ್ನಿನ ಕಡೆಗೆ ಹೊರಳುತ್ತದೆ. ಬ್ರಷ್‌ಲೆಸ್ ಎಂಬ ಬಗೆಯ ವಿದ್ಯುತ್ ಮೋಟಾರುಗಳು ಒಟ್ಟಿಗೇ ಎದ್ದು ಒಟ್ಟಿಗೇ ನಿಲ್ಲುತ್ತವೆ, ಇಂಜಿನ್ನಿನ ಸಿಲಿಂಡರ್ ತಲೆಯಂತೆ ಹೊರಗೆ ಚಾಚದೆ ಸಪೂರ ಗೂಡಿನೊಳಗೇ ಕೂರುತ್ತವೆ. ಒಂದು ಮೋಟಾರಿನ ಮೂರು ತಂತಿಗಳಲ್ಲಿ ಎರಡನ್ನು ಅದಲುಬದಲು ಮಾಡಿ, ಎಡಕ್ಕೆ ತಿರುಗುವ ಪ್ರೊಪೆಲ್ಲರ್ ಹಾಕಿದರೆ ಎರಡರ ತಿರುಚುವ ಬಲವೂ ಪರಸ್ಪರ ಕಳೆದುಹೋಗಿ, ನೆಲ ಬಿಡುವಾಗ ಮೂಗು ಪಕ್ಕಕ್ಕೆ ಎಳೆಯುವುದಿಲ್ಲ. ಅಸಲಿಯ ಮೂಗಿನಲ್ಲಿ ದೊಡ್ಡ ಪೆಟ್ರೋಲ್ ಟ್ಯಾಂಕುಗಳಿದ್ದವು. ಅದೇ ಜಾಗದಲ್ಲಿ ನಮ್ಮ ನಾಲ್ಕು ಸೆಲ್ಲಿನ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಕೂತು ತೂಕದ ಕೇಂದ್ರವನ್ನೂ ಸರಿಮಾಡುತ್ತದೆ. ಬೆಂಗಳೂರಿನ ಎತ್ತರದಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಸುಮಾರು ಹತ್ತರಲ್ಲೊಂದು ಪಾಲು ತೆಳು. ಇಂಜಿನ್ನಿನ ಉಸಿರು ಅದರಿಂದ ಕುಗ್ಗುತ್ತದೆ, ಮೋಟಾರಿಗೆ ಆ ತೊಂದರೆ ಇಲ್ಲ.

ವೇಗದ ಬಗ್ಗೆಯೂ ಕೇಳುತ್ತಾರೆ. ಅಸಲಿಯ ಗರಿಷ್ಠ ವೇಗ ಗಂಟೆಗೆ ಸುಮಾರು 380 ಕಿ.ಮೀ. ಎಂಟರಿಂದ ಭಾಗಿಸಿದರೆ 47. ಆ ವೇಗದಲ್ಲಿ ಮಾಡೆಲ್ ಬೀಳುವ ಅಂಚಿನಲ್ಲಿ ತೇಲುತ್ತಿರುತ್ತದೆ. ತೂಕವನ್ನೂ ಘನದ ಲೆಕ್ಕದಲ್ಲೇ, ಅಂದರೆ 512ರಲ್ಲೊಂದಕ್ಕೆ, ಇಳಿಸಿದ್ದರೆ ಭಾಗಿಸಬೇಕಾದ್ದು ಎಂಟರ ವರ್ಗಮೂಲದಿಂದ, ಅಂದರೆ ಸುಮಾರು 135 ಕಿ.ಮೀ. ನಮ್ಮದು ಹಗುರವಾದ್ದರಿಂದ 90ರಿಂದ 100ರಲ್ಲೇ ಅದರ ನಡೆ ನೈಜವಾಗಿ ಕಾಣುತ್ತದೆ. ಆರೇಳು ನಿಮಿಷ ಹಾರಿಸಿ, ಬ್ಯಾಟರಿಯಲ್ಲಿ ಐದನೇ ಒಂದು ಪಾಲು ಉಳಿದಿರುವಾಗಲೇ ಇಳಿಸಬೇಕು.

ಕಟ್ಟಲು ಹೊರಟವರಿಗೆ ಇಳಿಸುವ ಕ್ರಮವನ್ನೂ ಹೇಳಿಬಿಡುತ್ತೇನೆ. ರನ್‌ವೇ ಮೇಲೆ ಬರುವವರೆಗೂ ಥ್ರಾಟಲ್ (ಮೋಟಾರಿನ ವೇಗದ ಹಿಡಿತ) ಪೂರ್ತಿ ಮುಚ್ಚಬೇಡಿ. ನಿಧಾನವಾದಾಗ ರೆಕ್ಕೆ ಬಾಗಿದರೆ ಐಲರಾನ್‌ಗೆ (ರೆಕ್ಕೆಯ ಹಿಂದಂಚಿನ ಚಲಿಸುವ ಪಟ್ಟಿ) ಕೈಹಾಕದೆ ರಡರ್‌ನಿಂದ (ಬಾಲದ ಚುಕ್ಕಾಣಿ) ಎತ್ತಿ. ಮುಂದಿನ ಎರಡು ಚಕ್ರ ಮೊದಲು ಊರಲಿ, ಬಾಲ ತಾನಾಗಿ ಇಳಿಯುತ್ತದೆ. ಮೂರನ್ನೂ ಒಟ್ಟಿಗೆ ಊರಿಸಲು ಮೂಗೆತ್ತಿದರೆ ಆ ಚೂಪು ತುದಿಗಳು ಕೈಕೊಡುವುದು ಅಲ್ಲೇ.