ನೆನಪು ಅಳಿಯಿತೋ, ಸಿಗದಾಯಿತೋ?

ಉಡುಪಿ ಕಡೆ ಎಷ್ಟೋ ಮನೆಗಳಲ್ಲಿ ಇದೇ ಮಾತು: ಅಜ್ಜಿಗೆ ಮದುವೆಗೆ ಮೊದಲು ನೋಡಿದ ಪರ್ಯಾಯ ನೆನಪಿದೆ, ಬೆಳಿಗ್ಗೆ ತಿಂದ ನೀರುದೋಸೆ ನೆನಪಿಲ್ಲ. ಹೊಸದು ಮೊದಲು ಹೋಗುತ್ತದೆ ಎಂದು ಫ್ರಾನ್ಸಿನ ಮನೋವಿಜ್ಞಾನಿ ರಿಬೋ 1881ರಲ್ಲೇ ಬರೆದಿದ್ದರು. ನೆನಪು ಗಟ್ಟಿಯಾಗಲು ಸಮಯ ಬೇಕು ಎಂದು 1900ರಲ್ಲಿ ಜರ್ಮನಿಯ ಮನೋವಿಜ್ಞಾನಿಗಳಾದ ಮ್ಯೂಲರ್, ಪಿಲ್ಜೆಕರ್ ಹೇಳಿದರು. ಒಮ್ಮೆ ಗಟ್ಟಿಯಾದದ್ದು ಅಲುಗದು ಎಂಬ ನಂಬಿಕೆ ಬಹುಕಾಲ ನಡೆಯಿತು.

2000ದಲ್ಲಿ ಮೆದುಳು ವಿಜ್ಞಾನಿಗಳಾದ ನೇಡರ್, ಶೇಫ್, ಲೆಡೂ ಆ ನಂಬಿಕೆಯನ್ನು ಅಲುಗಿಸಿದರು. ಶಬ್ದದ ಜೊತೆ ಶಾಕ್ ತಿಂದಿದ್ದ ಇಲಿಗೆ ಆಮೇಲೆ ಬರೀ ಶಬ್ದ ಕೇಳಿಸಿ, ಕೂಡಲೇ ಮೆದುಳಿನಲ್ಲಿ ಭಯದ ನೆನಪಿಗೆ ಮುಖ್ಯವಾದ ಅಮಿಗ್ಡಲ ಎಂಬ ಭಾಗಕ್ಕೆ ಅನಿಸೊಮೈಸಿನ್ ಕೊಟ್ಟರು. ಹೊಸ ಪ್ರೋಟೀನ್ ತಯಾರಾಗದಂತೆ ತಡೆಯುವ ಮದ್ದು ಅದು. ಮರುದಿನ ಭಯ ಬಹಳ ತಗ್ಗಿತ್ತು. ಶಬ್ದ ಕೇಳಿಸದೆ ಕೊಟ್ಟರೆ ಅಥವಾ 6 ಗಂಟೆ ತಡಮಾಡಿದರೆ ಭಯ ಹಾಗೇ ಇತ್ತು. ನೆನೆದಾಗ ನೆನಪು ಮತ್ತೆ ಹಸಿಯಾಗುತ್ತದೆ ಎಂದಾಯಿತು. ಹಾಗಾಗಿ ಹಿರಿಯರನ್ನು ಕೇಳುವಾಗ "ಮಾವ ಬಂದಿದ್ದರಲ್ವಾ?" ಅನ್ನಬೇಡಿ, "ಯಾರೆಲ್ಲ ಬಂದಿದ್ದರು?" ಅನ್ನಿ. ನಮ್ಮ ಸುಳಿವು ಅವರ ನೆನಪಿಗೆ ಅಂಟಿಕೊಳ್ಳಬಹುದು.

ಆದರೆ ಇಂಥ ಮದ್ದಿನಿಂದ ನೆನಪು ಅಳಿದೇ ಹೋಗುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ. 2015ರಲ್ಲಿ ವಿಜ್ಞಾನಿ ತೊನೆಗಾವಾ ಅವರ ತಂಡ ಇದೇ ಮದ್ದಿನಿಂದ ಮರೆತಿದ್ದ ಸುಂಡಿಲಿಗಳ ನೆನಪಿನ ಕೋಶಗಳನ್ನು, ಮೊದಲೇ ಬೆಳಕಿಗೆ ಸ್ಪಂದಿಸುವಂತೆ ಮಾಡಿದ್ದರಿಂದ, ಬೆಳಕಿನಿಂದ ಎಬ್ಬಿಸಿತು. ಭಯ ಮರಳಿ ಬಂತು.